ಬೀಗಿತ್ತಿಯ ಬೆನ್ನ ಹಿಂದೆ

ನನ್ನ ಮಗಳ ಮದುವೆಗೆ ಅವಳ ಆಫೀಸಿನ ಗೆಳೆಯರೆಲ್ಲ ಸೇರಿ ಇಬ್ಬರೂ ಕೂತು ತುಳಿಯುವ ಜೋಡಿ ಸೈಕಲ್ಲೊಂದನ್ನು ಉಡುಗೊರೆ ಕೊಟ್ಟರು. ಒಂದರ ಹಿಂದೆ ಒಂದು ಎರಡು ಸೀಟು, ಎರಡು ಜೊತೆ ಪೆಡಲ್, ಎರಡು ಹ್ಯಾಂಡಲ್. ಹಿಂದಿನ ಹ್ಯಾಂಡಲ್ ಬರೀ ಹಿಡಿದುಕೊಳ್ಳುವುದಕ್ಕೆ, ತಿರುಗುವುದಿಲ್ಲ. ಬ್ರೇಕು ಮುಂದೆ ಕೂತವರ ಕೈಯಲ್ಲಿ. ರಿಸೆಪ್ಶನ್ ಹಾಲಿನಲ್ಲಿ ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ ವೇದಿಕೆಯ ಪಕ್ಕ ನಿಲ್ಲಿಸಿದ್ದರು. ಬಂದವರೆಲ್ಲ ಮದುಮಕ್ಕಳ ಕೈ ಕುಲುಕಿ, ಸೈಕಲ್ಲಿನ ಜೊತೆ ಫೋಟೋ ತೆಗೆಸಿಕೊಂಡು ಊಟಕ್ಕೆ ಹೋದರು.

ಮಗಳೂ ಅಳಿಯನೂ ಅದನ್ನು ಓಡಿಸಿದ್ದು ಒಂದೇ ಸಲ. ಮದುವೆಯಾದ ಮೊದಲನೇ ತಿಂಗಳ ಒಂದು ಭಾನುವಾರ ಇಬ್ಬರೂ ನಗುನಗುತ್ತಾ ಹೊರಟರು. ಬರುವಾಗ ಅಳಿಯ ಸೈಕಲ್ ತಳ್ಳಿಕೊಂಡು ಬಂದ, ಮಗಳು ರಿಕ್ಷಾದಲ್ಲಿ ಬಂದಳು.

"ಮಮ್ಮಿ, ಅವನು ಹಿಂದೆ ಕೂತು ತುಳಿಯೋದೇ ಇಲ್ಲ ಯಾರ್! ಆರಾಮ್‌ಸೆ ಬೈಠಾ ರೆಹತಾ ಹೈ" ಎಂದಳು ಮಗಳು.

"ನಾನೇ ತುಳೀತಾ ಇದ್ದದ್ದು ಅತ್ತೆ. ಅವಳು ಓನ್ಲಿ ಬ್ರೇಕ್ ಹಾಕ್ತಾ ಇದ್ಳು" ಎಂದ ಅಳಿಯ.

ನಾನು ಇಬ್ಬರಿಗೂ ಚಹಾ ಕೊಟ್ಟೆ. ಅಂದಿನಿಂದ ಆ ಸೈಕಲ್ ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ, ಹಳೆಯ ಬೆಡ್‌ಶೀಟು ಹೊದ್ದುಕೊಂಡು ನಾಲ್ಕು ವರ್ಷ ನಿಂತಿತು. ಮಗಳು ಅಳಿಯ ಅದೇ ಬಿಲ್ಡಿಂಗಿನಲ್ಲಿ ನಮ್ಮ ಮನೆಗಿಂತ ಎರಡು ಮಹಡಿ ಮೇಲೆ ಇರುತ್ತಾರೆ. ಬೆಳಿಗ್ಗೆ ಲೋಕಲ್ ರೈಲು ಹಿಡಿಯಲು ಓಡುವಾಗ ಇಬ್ಬರೂ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದರು, ತಿರುಗಿಯೂ ನೋಡುತ್ತಿರಲಿಲ್ಲ.

ನೋಡುತ್ತಿದ್ದವರು ನಮ್ಮ ಸೊಸೈಟಿಯ ಸೆಕ್ರೆಟರಿ. ಅವರು ನಿವೃತ್ತರಾದ ಗುಜರಾತಿ ಗೃಹಸ್ಥರು. ಪಾರ್ಕಿಂಗ್ ಜಾಗವನ್ನು ತಮ್ಮ ಮನೆಯ ಹಿತ್ತಿಲೋ ಎಂಬಂತೆ ಕಾಯುವವರು. ಕಳೆದ ಚಳಿಗಾಲದಲ್ಲಿ ಒಂದು ದಿನ, ಉಪಯೋಗಿಸದ ಸಾಮಾನುಗಳನ್ನೆಲ್ಲ ತೆಗೆಯಬೇಕೆಂದು ಅವರು ಲಿಫ್ಟಿನ ಬಳಿ ನೋಟೀಸು ಅಂಟಿಸಿದರು. ಅಳಿಯ ತನ್ನ ತಾಯಿಗೆ ಫೋನು ಮಾಡಿದ. ಅವರ ಮನೆ ಬೊರಿವಲಿ ಪೂರ್ವದಲ್ಲಿ. ಅಲ್ಲೇ ಬೀದಿಯ ಕೊನೆಯಲ್ಲಿ ಹಳೇ ಸೈಕಲ್ ಕೊಳ್ಳುವ ಅಂಗಡಿಯಿದೆ. "ನೀವೂ ಅತ್ತೆಯೂ ಸೇರಿ ಅದನ್ನ ಅಲ್ಲಿ ಕೊಟ್ಟು ಬನ್ನಿ ಅಮ್ಮ. ನಮ್ಗೆ ಟೈಮ್ ಇಲ್ಲ" ಎಂದನಂತೆ.

ಹೀಗೆ ಆ ಕೆಲಸ ನನ್ನ ಮತ್ತು ನನ್ನ ಬೀಗಿತ್ತಿಯ ಪಾಲಿಗೆ ಬಂತು.

ನನ್ನ ಬೀಗಿತ್ತಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವರು ಮೈಸೂರಿನವರು. ವಿಮೆಯ ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿದ್ದು, ವರ್ಷಗಟ್ಟಲೆ ಬೊರಿವಲಿಯಿಂದ ಚರ್ಚ್‌ಗೇಟಿಗೆ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಓಡಾಡಿ ನಿವೃತ್ತರಾದವರು. ನೇರವಾದ ಬೆನ್ನು, ಇಸ್ತ್ರಿ ಮಾಡಿದ ದುಪಟ್ಟಾ, ಅಳೆದು ತೂಗಿದ ಮಾತು. ನಾನು ಉಡುಪಿ ಕಡೆಯವಳು. ಮದುವೆಯಾಗಿ ಬಂದಾಗಿನಿಂದ ಕಾಂದಿವಲಿಯಲ್ಲೇ ಇದ್ದೇನೆ. ನನ್ನ ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರು. ಕತ್ತಲಿರುವಾಗ ಹೋಗಿ ಕತ್ತಲಾದ ಮೇಲೆ ಬರುವವರು. ನನ್ನ ಮಾತಿಗೆ ಅಳತೆಯೂ ಇಲ್ಲ, ತೂಕವೂ ಇಲ್ಲ. ಗಂಟಲು ಮಾತ್ರ ದೊಡ್ಡದು.

ಮದುವೆಯ ದಿನ ಊಟ ಮುಗಿಸಿ ಕೈ ತೊಳೆಯುವಾಗ ಅವರು ನನಗೆ, "ಎಲ್ಲಾ ಚೆನ್ನಾಗಿತ್ತು ಕಣ್ರೀ. ಸಾಂಬಾರಿಗೆ ಬೆಲ್ಲ ಒಂಚೂರು ಮುಂದಿತ್ತು, ಅಷ್ಟೇ" ಎಂದಿದ್ದರು. ಆ ಒಂಚೂರು ಬೆಲ್ಲ ನಾಲ್ಕು ವರ್ಷ ನನ್ನ ಗಂಟಲಲ್ಲಿ ಕರಗದೆ ಕೂತಿತ್ತು. ನಮ್ಮ ನಡುವೆ ಜಗಳವೇನೂ ಇರಲಿಲ್ಲ. ಜಗಳ ಆಗಬೇಕಾದರೆ ಸಲಿಗೆ ಬೇಕಲ್ಲ. ಹಬ್ಬಕ್ಕೆ ಅವರು ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ ತರುತ್ತಿದ್ದರು. ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ನಾನು ಪತ್ರೊಡೆ ತುಂಬಿ ಕಳಿಸುತ್ತಿದ್ದೆ. ಅದು ಖಾಲಿ ಬರಬಾರದೆಂದು ಅವರು ಕೊಬ್ಬರಿ ಮಿಠಾಯಿ ತುಂಬುತ್ತಿದ್ದರು. ಡಬ್ಬಿ ಓಡಾಡುತ್ತಿತ್ತು, ನಾವು ಇದ್ದಲ್ಲೇ ಇದ್ದೆವು.

"ಗುರುವಾರ ಬರ್ತೀನಿ. ಬೆಳಿಗ್ಗೆ ತಿಂಡಿ ಆದ್ಮೇಲೆ" ಎಂದು ಅವರೇ ದಿನ ಗೊತ್ತು ಮಾಡಿದರು.

ಗುರುವಾರ ಬಂದರು. ಸಲ್ವಾರ್ ಕಮೀಜ್ ತೊಟ್ಟು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿದ್ದರು. ಆಗ ನಾನು ಆ ಶೂ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಬೆಡ್‌ಶೀಟು ತೆಗೆದೆವು. ವಾಚ್‌ಮನ್ ಗಾಳಿ ಹೊಡೆದು, ಚೈನಿಗೆ ಎಣ್ಣೆ ಬಿಟ್ಟುಕೊಟ್ಟ. ಸೆಕ್ರೆಟರಿ ಬಾಲ್ಕನಿಯಿಂದ ನೋಡಿ, ಸರಿ ಎನ್ನುವಂತೆ ತಲೆಯಾಡಿಸಿದರು.

ಅಷ್ಟು ಉದ್ದದ ಸೈಕಲ್ಲನ್ನು ಟ್ರಾಫಿಕ್ಕಿನಲ್ಲಿ ತಳ್ಳಿಕೊಂಡು ಹೋಗುವುದು ಸಾಧ್ಯವಿರಲಿಲ್ಲ. ಆದರೆ ನಮ್ಮ ಬಿಲ್ಡಿಂಗಿನ ಹಿಂದೆ ನಾಲಾ ಇದೆ. ನಕ್ಷೆಯಲ್ಲಿ ಅದು ನದಿ. ಬೊರಿವಲಿ ಆಚೆಯ ಕಾಡಿನ ಗುಡ್ಡದಲ್ಲಿ ಹುಟ್ಟುತ್ತದಂತೆ. ನಮ್ಮ ಹಿಂದೆ ಬರುವಷ್ಟರಲ್ಲಿ ಎರಡೂ ಕಡೆ ಕಾಂಕ್ರೀಟು ಗೋಡೆ ಕಟ್ಟಿಸಿಕೊಂಡು, ಕಪ್ಪಗಾಗಿ, ನಾಲಾ ಎನ್ನುವ ಹೆಸರಿಗೆ ತಕ್ಕ ಹಾಗೆ ಆಗಿರುತ್ತದೆ. ಅದರ ದಂಡೆಯಲ್ಲಿ ಈಚೆಗೆ ಕಾಂಕ್ರೀಟಿನ ದಾರಿ ಹಾಕಿದ್ದಾರೆ. ಒಂದು ಕಡೆ ಕಬ್ಬಿಣದ ಕಟಕಟೆ, ಇನ್ನೊಂದು ಕಡೆ ಬಿಲ್ಡಿಂಗುಗಳ ಕಾಂಪೌಂಡ್ ಗೋಡೆ, ಮಧ್ಯೆ ನಡೆಯುವವರಿಗೂ ಸೈಕಲ್ಲಿನವರಿಗೂ ಮಾತ್ರ ಜಾಗ. ರಿಕ್ಷಾ ಬರದಂತೆ ಬಾಯಲ್ಲಿ ಕಂಬ ನೆಟ್ಟಿದ್ದಾರೆ. ಆ ದಾರಿ ರೈಲು ಹಳಿಯ ಕೆಳಗೆ ನುಸುಳಿ, ಪೂರ್ವಕ್ಕೆ ದಾಟಿ, ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂಭಾಗದಿಂದ ಬೊರಿವಲಿಯವರೆಗೂ ಹೋಗುತ್ತದೆ.

ಮುಂದಿನ ಹ್ಯಾಂಡಲ್ ಅವರು ಹಿಡಿದರು, ಹಿಂದಿನದು ನಾನು. ಎಮ್ಮೆಯನ್ನು ಮುಂದಿನಿಂದ ಒಬ್ಬರು ಎಳೆದು ಹಿಂದಿನಿಂದ ಒಬ್ಬರು ನೂಕುವ ಹಾಗೆ ಸ್ವಲ್ಪ ದೂರ ನಡೆದೆವು. ಪೆಡಲು ತಿರುಗಿ ತಿರುಗಿ ನನ್ನ ಮೊಣಕಾಲ ಕೆಳಗೆ ಹೊಡೆಯುತ್ತಿತ್ತು. ಮೊದಲ ತಿರುವಿನಲ್ಲಿ ಬೀಗಿತ್ತಿ ನಿಂತರು. ಹಿಂದೆ ಮುಂದೆ ನೋಡಿದರು. ದಾರಿ ಖಾಲಿಯಿತ್ತು.

"ಹತ್ತಿ" ಎಂದರು.

"ಎಂತದ್ದು ಹತ್ತುದು?"

"ಸೈಕಲ್ ಹತ್ತಿ ಅಂದೆ. ತಳ್ಳೋದಕ್ಕಿಂತ ಓಡ್ಸೋದು ಸುಲಭ."

"ಅಯ್ಯೋ ಬೇಡ ಮಾರಾಯ್ರೆ! ನನಗೆ ಸೈಕಲ್ ಬರುದೇ ಇಲ್ಲ. ನಾನು ಜನ್ಮದಲ್ಲಿ ಮುಟ್ಟಿದವಳಲ್ಲ."

"ಹಿಂದೆ ಕೂತೋರಿಗೆ ಬರಬೇಕಾಗಿಲ್ಲ ಕಣ್ರೀ. ನಾನು ಮೈಸೂರಲ್ಲಿ ಕಾಲೇಜಿಗೆ ಸೈಕಲ್‌ನಲ್ಲೇ ಹೋಗ್ತಿದ್ದದ್ದು. ನೀವು ಸುಮ್ನೆ ತುಳೀರಿ. ಮಿಕ್ಕಿದ್ದು ನನಗೆ ಬಿಡಿ."

ನಾನು ಸೀರೆಯಲ್ಲಿದ್ದೆ. ನೆರಿಗೆ ಎತ್ತಿ ಕಚ್ಚೆಯ ಹಾಗೆ ಹಿಂದೆ ಸಿಕ್ಕಿಸಿಕೊಂಡೆ. ಈ ವಯಸ್ಸಿನಲ್ಲಿ ಹಾಡಹಗಲು ನಾಲಾದ ದಂಡೆಯಲ್ಲಿ ಕಚ್ಚೆ ಹಾಕಿ ನಿಂತಿದ್ದೇನಲ್ಲ ಎಂದು ನಗುವೂ ಬಂತು, ನಾಚಿಕೆಯೂ ಆಯಿತು. ಬೇಡ ಎನ್ನಲು ಬಾಯಿ ತೆರೆದವಳು ಆಗಲೇ ಸೀಟಿನ ಆಚೆಗೆ ಒಂದು ಕಾಲು ಹಾಕಿದ್ದೆ.

ಮೊದಲ ಸಲ ಅವರು ತುಳಿದರು, ನಾನು ತುಳಿಯಲಿಲ್ಲ. ಸೈಕಲ್ ಬಲಕ್ಕೆ ವಾಲಿತು. ಎರಡನೇ ಸಲ ನಾನು ತುಳಿದೆ, ಅವರು ಇನ್ನೂ ದುಪಟ್ಟಾ ಕಟ್ಟಿಕೊಳ್ಳುತ್ತಿದ್ದರು, ಎಡಕ್ಕೆ ವಾಲಿತು. ದಾರಿಯ ಬಾಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದ ಕಾವಲುಗಾರ ಎದ್ದು ಬಂದ. ಬಯ್ಯುತ್ತಾನೆಂದುಕೊಂಡೆ. ಅವನು ಕೋಲು ಗೋಡೆಗೆ ಒರಗಿಸಿ, "ರುಕೋ ಆಂಟೀ, ಮೈ ಧಕ್ಕಾ ದೇತಾ ಹೂಂ" ಎಂದು ನನ್ನ ಸೀಟಿನ ಹಿಂದೆ ಎರಡೂ ಕೈಯಿಟ್ಟು ಒಂದು ನೂಕು ನೂಕಿದ.

ಹೊರಟೇಬಿಟ್ಟಿತು!

ಜೋಡಿ ಸೈಕಲ್ಲಿನ ಸ್ವಭಾವ ನನಗೆ ಗೊತ್ತಾದದ್ದು ಆಗ. ಎರಡು ಜೊತೆ ಪೆಡಲುಗಳೂ ಒಂದೇ ಸರಪಳಿಯ ಕೂಸುಗಳು. ಮುಂದಿನವರ ಕಾಲು ತಿರುಗಿದರೆ ಹಿಂದಿನವರ ಕಾಲು ತಿರುಗಲೇಬೇಕು. ನಿಮಗೆ ಇಷ್ಟವಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ನನ್ನ ಕಾಲುಗಳು ನನ್ನನ್ನು ಬಿಟ್ಟು ಬೀಗಿತ್ತಿಯ ಪಕ್ಷಕ್ಕೆ ಸೇರಿಕೊಂಡಿದ್ದವು. ಕಣ್ಣು ಬಿಟ್ಟರೆ ಎದುರಿಗೆ ಕಾಣುವುದು ಅವರ ಬೆನ್ನು ಮಾತ್ರ: ನೇರಳೆ ಬಣ್ಣದ ದೊಡ್ಡ ದೊಡ್ಡ ಹೂವಿನ ಕಮೀಜು, ಅದರ ಮೇಲೆ ಗಂಟು ಹಾಕಿದ ಬಿಳಿಯ ತುರುಬು. ರಸ್ತೆ ಎಲ್ಲಿದೆ, ಗೋಡೆ ಎಲ್ಲಿದೆ, ನಾಲಾ ಎಲ್ಲಿದೆ, ಒಂದೂ ಕಾಣದು. ನಾನು ಕಟಕಟೆಯ ಕಂಬಗಳು ಪಕ್ಕದಲ್ಲಿ ಹಿಂದೆ ಹಿಂದೆ ಓಡುವುದನ್ನು ನೋಡಿದೆ. ಅವು ಓಡುತ್ತಿಲ್ಲ, ನಾನೇ ಓಡುತ್ತಿದ್ದೇನೆ ಎಂದು ಹೊಳೆದ ಕೂಡಲೇ ಹೊಟ್ಟೆಯಿಂದ ಒಂದು ಕೂಗು ಎದ್ದು ಬಂತು.

"ಏನಾಯ್ತ್ರೀ?" ಎಂದರು ಬೀಗಿತ್ತಿ, ತಿರುಗದೆ.

"ಎಂತ ಆಗ್ಲಿಲ್ಲ! ಸುಮ್ನೆ!"

"ಹಂಗಾದ್ರೆ ಇನ್ನೊಂದ್ಸಲ ಕೂಗಿ. ಮುಂದೆ ಜನ ಇದಾರೆ, ಬೆಲ್ ಕೆಲಸ ಮಾಡ್ತಿಲ್ಲ."

ಹೀಗೆ ನಾನೇ ಬೆಲ್ ಆದೆ. "ಸೈಡ್! ಸೈಡ್! ಬಾಜೂ! ಬಾಜೂ!" ಎಂದು ಕೂಗತೊಡಗಿದೆ. ಬೆಳಗಿನ ವಾಕಿಂಗಿನ ಹೆಂಗಸರು ಗೋಡೆಗೆ ಅಂಟಿಕೊಂಡರು. ಹಿರಿಯರ ಲಾಫಿಂಗ್ ಕ್ಲಬ್ಬಿನವರು ದಾರಿಯ ಅಗಲವಾದ ಜಾಗದಲ್ಲಿ ಕೈ ಮೇಲೆತ್ತಿ ಹೊಹ್ಹೊ ಎಂದು ಅಭ್ಯಾಸದ ನಗು ನಗುತ್ತಿದ್ದರು. ನಮ್ಮನ್ನು ನೋಡಿ ಅವರ ಕೈ ಮೇಲೆಯೇ ಉಳಿದು ನಿಜವಾದ ನಗು ಶುರುವಾಯಿತು. ಒಬ್ಬಾಕೆ ಕಟಕಟೆಯ ಪಕ್ಕ ಸೀರೆ ಹಾಸಿ ಹಪ್ಪಳ ಒಣಹಾಕಿದ್ದಳು. ನನ್ನ ಕೂಗಿಗೆ ಹೆದರಿ ಹಪ್ಪಳದ ಮುಂದೆ ಎರಡು ಕೈ ಅಗಲಿಸಿ ನಿಂತಳು. ಬೀಗಿತ್ತಿ ಹ್ಯಾಂಡಲ್ಲನ್ನು ಎಷ್ಟು ನಯವಾಗಿ ತಿರುಗಿಸಿದರೆಂದರೆ ಒಂದು ಹಪ್ಪಳವೂ ಮುಕ್ಕಾಗಲಿಲ್ಲ. ಹಿಂದಿನಿಂದ ಆಕೆ ಮರಾಠಿಯಲ್ಲಿ ಏನೋ ಹೇಳಿದಳು. ಬೈಗುಳವಿರಬೇಕು. ಆ ಗಾಳಿಯಲ್ಲಿ ಅದೂ ಹಾಡಿನಂತೆ ಕೇಳಿಸಿತು.

ನಾಲಾದ ವಾಸನೆ ಇತ್ತು, ಇಲ್ಲವೆನ್ನಲಾರೆ. ಆದರೆ ವೇಗದಲ್ಲಿ ಹೋಗುವಾಗ ಯಾವ ವಾಸನೆಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾಲಾದ ಹಿಂದೆಯೇ ಯಾರದೋ ಅಡುಗೆಮನೆಯ ಒಗ್ಗರಣೆ, ಅದರ ಹಿಂದೆ ಅಗರಬತ್ತಿ ಕಾರ್ಖಾನೆ, ಅದರ ಹಿಂದೆ ಎಮ್ಮೆಗಳ ತಬೇಲಾದ ಹಸಿ ಹುಲ್ಲು. ಕಪ್ಪು ನೀರಿನಲ್ಲಿ ಬೆಳ್ಳಕ್ಕಿಗಳು, ಈಗ ತಾನೇ ಲಾಂಡ್ರಿಯಿಂದ ಬಂದವರಂತೆ, ಒಂದು ಕಲೆಯೂ ಇಲ್ಲದೆ ನಿಂತಿದ್ದವು. ಇಷ್ಟು ವರ್ಷ ನಾನು ಅಡುಗೆಮನೆಯ ಕಿಟಕಿಯನ್ನು ಈ ನಾಲಾದ ಕಡೆಗೆ ಮುಚ್ಚಿಯೇ ಇಟ್ಟಿದ್ದೆ.

ರೈಲು ಹಳಿ ಬಂತು. ಅಲ್ಲಿ ದಾರಿ ಇಳಿಜಾರಾಗಿ ಸೇತುವೆಯ ಕೆಳಗೆ ಹೋಗಿ, ಮತ್ತೆ ಏರುತ್ತದೆ. ನನಗೆ ಅದು ಗೊತ್ತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ನೇರಳೆ ಹೂವುಗಳು ಮಾತ್ರ.

"ಗಟ್ಟಿ ಹಿಡ್ಕೊಳ್ಳಿ!" ಎಂದರು ಬೀಗಿತ್ತಿ.

"ಯಾಕೆ?" ಎನ್ನುವಷ್ಟರಲ್ಲಿ ಸೈಕಲ್ ಮೂಗು ಕೆಳಗೆ ಹಾಕಿತು. ಅಯ್ಯಯ್ಯೋ ಎಂದು ಶುರುಮಾಡಿದ ನನ್ನ ಕೂಗು ಕೆಳಗೆ ಮುಟ್ಟುವವರೆಗೂ ಮುಗಿಯಲಿಲ್ಲ. ಅದೇ ಕ್ಷಣ ತಲೆಯ ಮೇಲೆ ಲೋಕಲ್ ಗಡಗಡ ಎಂದು ಹಾದುಹೋಯಿತು. ಆ ಕತ್ತಲು, ಆ ಸದ್ದು, ಮುಖಕ್ಕೆ ಹೊಡೆವ ತಣ್ಣನೆ ಗಾಳಿ! ಆ ಗದ್ದಲದ ನಡುವೆ ಇನ್ನೊಂದು ಕೂಗೂ ಕೇಳಿಸಿತು. ಅದು ನನ್ನದಲ್ಲ. ಅಳೆದು ತೂಗಿ ಮಾತಾಡುವ ನನ್ನ ಬೀಗಿತ್ತಿ ಚಿಕ್ಕ ಹುಡುಗಿಯ ಹಾಗೆ "ಹೋ" ಎಂದು ಕಿರುಚುತ್ತಿದ್ದರು.

ಏರಿನಲ್ಲಿ ನಮ್ಮ ಬಂಡವಾಳ ಮುಗಿಯಿತು. ಅರ್ಧ ಏರಿದ ಸೈಕಲ್ ನಿಂತು, ಒಂದು ಗಳಿಗೆ ಯೋಚಿಸಿ, ಮೆಲ್ಲಗೆ ಗೋಡೆಯ ಕಡೆಗೆ ಮಲಗಿತು. ಪುಣ್ಯಕ್ಕೆ ಅಲ್ಲಿ ತಬೇಲಾಕ್ಕೆಂದು ತಂದ ಹುಲ್ಲಿನ ಹೊರೆಗಳಿದ್ದವು. ನಾವು ಅವುಗಳ ಮೇಲೆ ಬಿದ್ದೆವು, ಬೀಗಿತ್ತಿ ಕೆಳಗೆ, ಅವರ ಮೇಲೆ ಅರ್ಧಕ್ಕೆ ನಾನು. ಒಬ್ಬ ಹಾಲಿನ ಕ್ಯಾನಿನವನು ಓಡಿ ಬಂದು "ಲಗಾ ಕ್ಯಾ?" ಎಂದು ಕೇಳಿದ. ಪೆಟ್ಟಾಗಲಿಲ್ಲ ಎಂದು ಹೇಳುವುದಕ್ಕೆ ನಮ್ಮಿಬ್ಬರಿಗೂ ಉಸಿರಿರಲಿಲ್ಲ. ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತ್ತು. ಬೀಗಿತ್ತಿಯ ಕನ್ನಡಕ ಒಂದು ಕಿವಿಗೆ ನೇತಾಡುತ್ತಿತ್ತು, ತುರುಬಿನಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು. ನಾನು ಆ ಹುಲ್ಲು ತೆಗೆಯಲು ಹೋದೆ. ನಾಲ್ಕು ವರ್ಷದಲ್ಲಿ ನಾನು ಅವರ ತಲೆ ಮುಟ್ಟಿದ್ದು ಅದೇ ಮೊದಲು.

ಉಳಿದ ದಾರಿಯನ್ನು ಒಂದಷ್ಟು ತುಳಿದು, ಒಂದಷ್ಟು ತಳ್ಳಿ ಮುಗಿಸಿದೆವು. ಬೊರಿವಲಿಯಲ್ಲಿ ಅವರ ಬೀದಿಯ ಕೊನೆಗೆ ಬಂದಾಗ ಸೈಕಲ್ ಅಂಗಡಿಯ ಶಟರು ಎಳೆದಿತ್ತು. ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: ಗುರುವಾರ ಬಂದ್.

ನಾನು ಶಟರನ್ನು ನೋಡಿದೆ, ಬೀಗಿತ್ತಿಯನ್ನು ನೋಡಿದೆ. ಅವರು ಕನ್ನಡಕ ತೆಗೆದು ದುಪಟ್ಟಾದ ಅಂಚಿನಿಂದ ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದರು.

"ಇದು ನಿಮ್ಮ ಬೀದಿ ಅಲ್ವಾ?" ಎಂದೆ.

"ಹೂಂ."

"ನಿಮಗೆ ಗೊತ್ತುಂಟಲ್ಲ, ಗುರುವಾರ ಬಂದ್ ಅಂತ?"

"ಗೊತ್ತಿತ್ತು."

"ಮತ್ತೆ ಗುರುವಾರವೇ ಬರ್ತೇನೆ ಅಂತ ಯಾಕೆ ಹೇಳಿದ್ದು?"

ಅವರು ಕನ್ನಡಕ ಹಾಕಿಕೊಂಡರು. ಮುಖ ಕೆಂಪಾಗಿತ್ತು. ಬಿಸಿಲಿಗೋ, ಇನ್ಯಾವುದಕ್ಕೋ. "ರಿಸೆಪ್ಶನ್ ದಿನ ರಿಬ್ಬನ್ ಕಟ್ಟಿ ನಿಲ್ಲಿಸಿದ್ರಲ್ಲಾ, ಆವತ್ತೇ ಒಂದು ರೌಂಡ್ ಹೋಗಬೇಕು ಅನ್ನಿಸ್ತು ಕಣ್ರೀ. ರೇಷ್ಮೆ ಸೀರೆ ಉಟ್ಕೊಂಡು ಗಂಡಿನ ತಾಯಿ ಹಂಗೆ ಕೇಳೋಕಾಗುತ್ತಾ? ಆಮೇಲೆ ಯಾವಾಗ ಬಂದ್ರೂ ಪಾರ್ಕಿಂಗಲ್ಲಿ ಅದನ್ನ ನೋಡೋದು, ಹೋಗೋದು. ಮನೆಯವ್ರಿಗೆ ಬೆಳಿಗ್ಗೆ ಒಂಬತ್ತಾದ್ರೆ ಟೀವಿಯಲ್ಲಿ ಶೇರು ಮಾರ್ಕೆಟ್ಟು. ಒಬ್ಬಳೇ ಓಡ್ಸೋಣ ಅಂದ್ರೆ ಅದು ಒಬ್ಬರದ್ದಲ್ಲವಲ್ಲ." ದುಪಟ್ಟಾ ಸರಿಮಾಡಿಕೊಂಡು, "ಮಾರೋ ಮುಂಚೆ ಒಂದೇ ಒಂದ್ಸಲ ಅಂದ್ಕೊಂಡೆ. ಬೇಜಾರಾಯ್ತಾ?" ಎಂದರು.

ನನಗೆ ಬೇಜಾರೇ? ಬೆಲ್ಲದ ವಿಷಯ ಎತ್ತಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದುಕೊಂಡೆ. ಬಾಯಿಗೆ ಬಂದದ್ದು ಬೇರೆ. "ಹಾಗಾದ್ರೆ ಈಗ ಇದನ್ನು ವಾಪಸು ತಕೊಂಡು ಹೋಗ್ಬೇಕಲ್ಲ? ನನಗೊಬ್ಬಳಿಗೆ ಆಗುದಿಲ್ಲ. ನೀವು ಬರ್ಬೇಕು."

ಅವರು ಸೈಕಲ್ ತಿರುಗಿಸಿದರು.

ಅಲ್ಲಿಂದ ನಮ್ಮ ಗುರುವಾರಗಳು ಶುರುವಾದವು. ಜೋಡಿ ಸೈಕಲ್ಲಿನ ಲೆಕ್ಕಾಚಾರವೇ ವಿಚಿತ್ರ. ಅದನ್ನು ಬೊರಿವಲಿಗೆ ಒಯ್ಯಲು ಇಬ್ಬರು ಬೇಕು, ಹಾಗಾಗಿ ಅವರು ಲೋಕಲ್ ಹತ್ತಿ ಕಾಂದಿವಲಿಗೆ ಬರಬೇಕು. ಅಲ್ಲಿ ಅಂಗಡಿ ಮುಚ್ಚಿರುತ್ತದೆ. ವಾಪಸು ತರಲೂ ಇಬ್ಬರು ಬೇಕು, ಹಾಗಾಗಿ ಅವರು ತಮ್ಮ ಮನೆಯ ಬಾಗಿಲ ಮುಂದಿನಿಂದಲೇ ತಿರುಗಿ ಕಾಂದಿವಲಿಗೆ ಬಂದು, ಅಲ್ಲಿಂದ ಮತ್ತೆ ಲೋಕಲ್ ಹತ್ತಿ ಅದೇ ಮನೆಗೆ ಹೋಗಬೇಕು. ವಿಮೆಯ ಆಫೀಸಿನಲ್ಲಿ ದೊಡ್ಡ ದೊಡ್ಡ ಫೈಲು ಬಿಡಿಸಿದ ಬೀಗಿತ್ತಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಮಗಳು ಕೇಳಿದರೆ, "ಇವತ್ತೂ ಅಂಗಡಿ ಬಂದ್ ಇತ್ತು ಮಾರಾಯ್ತಿ" ಎನ್ನುತ್ತಿದ್ದೆ. ಸುಳ್ಳೇನೂ ಅಲ್ಲವಲ್ಲ. ಸೆಕ್ರೆಟರಿ ಬಾಲ್ಕನಿಯಲ್ಲಿ ನಿಂತು ಪ್ರತಿ ಗುರುವಾರ ಸೈಕಲ್ ಹೊರಗೆ ಹೋಗುವುದನ್ನೂ ಒಳಗೆ ಬರುವುದನ್ನೂ ನೋಡುತ್ತಿದ್ದರು. "ಆಜ್ ಭೀ ನಹೀಂ ಬಿಕಾ?" ಎಂದು ಕೇಳುತ್ತಿದ್ದರು. "ನಹೀಂ ಬಿಕಾ ಭಾಯಿ" ಎಂದು ನಾವಿಬ್ಬರೂ, ಮಾರಾಟವಾಗದ್ದಕ್ಕೆ ಬಹಳ ಬೇಸರವಾದವರ ಮುಖ ಮಾಡುತ್ತಿದ್ದೆವು. ಮೆಟ್ಟಿಲು ತಿರುಗಿದ ಕೂಡಲೇ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದೆ. ಆಮೇಲಾಮೇಲೆ ಸೆರಗೂ ಇರಲಿಲ್ಲ. ಮಗಳ ಹಳೆಯ ಟ್ರ್ಯಾಕ್ ಪ್ಯಾಂಟಿನ ಮೇಲೆ ಉದ್ದ ಕುರ್ತಾ ಹಾಕತೊಡಗಿದ್ದೆ.

ಒಂದು ಗುರುವಾರ ಬೀಗಿತ್ತಿ ನನ್ನನ್ನು ಮುಂದಿನ ಸೀಟಿಗೆ ಕೂರಿಸಿದರು. "ಎಷ್ಟು ದಿನ ಬೆನ್ನು ನೋಡ್ತೀರಾ? ದಾರಿ ನೋಡಿ" ಎಂದರು. ನಾನು ದಾರಿಯನ್ನು ನೋಡಿದೆ. ಆಮೇಲೆ ಗೋಡೆಯ ಮೇಲಿಂದ ಬಾಗಿದ್ದ ಬೋಗನ್‌ವಿಲ್ಲಾ ಹೂವನ್ನು ನೋಡಿದೆ. ನೋಡಿದ ಕಡೆಗೇ ಸೈಕಲ್ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ. ಮುಳ್ಳಿನ ಪೊದೆಯಿಂದ ಹೊರಗೆ ಬಂದ ಮೇಲೆ, ಕೈ ಅವರದು, ಗಂಟಲು ನನ್ನದು ಎಂದು ಇಬ್ಬರೂ ಒಪ್ಪಿಕೊಂಡೆವು.

ಅಂದು ವಡಾಪಾವ್ ಗಾಡಿಯ ಹತ್ತಿರ ನಿಂತು, ನನ್ನ ಮೊಣಕೈಯ ಗೀರಿಗೆ ಅವರು ನೀರು ಹಾಕುತ್ತಿದ್ದಾಗ, ನಾನೇ ಕೇಳಿಬಿಟ್ಟೆ. "ಮದುವೆ ದಿನ ಸಾಂಬಾರಿಗೆ ಬೆಲ್ಲ ಜಾಸ್ತಿ ಅಂದ್ರಲ್ಲ, ನೆನಪುಂಟಾ?"

"ಅಂದಿದ್ನಾ? ನನಗೆ ನೆನಪೇ ಇಲ್ಲ" ಎಂದರು. ನನಗೆ ಒಂದು ಕ್ಷಣ ಪಿಚ್ಚೆನಿಸಿತು. ಅವರು ವಡೆಯನ್ನು ಕಚ್ಚಿ, ಅಗಿದು, ಯೋಚಿಸಿ, "ಆದ್ರೆ ನೀವು ಬೆಲ್ಲ ಜಾಸ್ತೀನೇ ಹಾಕ್ತೀರಾ" ಎಂದರು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ನಾವು ಸಿಕ್ಕಿಬಿದ್ದದ್ದು ಬೇಸಿಗೆಯಲ್ಲಿ. ಅಳಿಯನಿಗೆ ಒಂದು ಅಭ್ಯಾಸ. ಆಫೀಸು ಇರುವುದು ದಕ್ಷಿಣಕ್ಕೆ, ಆದರೆ ಕಾಂದಿವಲಿಯಲ್ಲಿ ಆ ಕಡೆಯ ಗಾಡಿ ಹತ್ತಿದರೆ ನಿಲ್ಲಲೂ ಜಾಗವಿರುವುದಿಲ್ಲ. ಅದಕ್ಕೆ ಅವನು ಉತ್ತರಕ್ಕೆ ಹೋಗುವ ಗಾಡಿ ಹತ್ತಿ ಬೊರಿವಲಿಗೆ ಹೋಗುತ್ತಾನೆ. ಅದೇ ಗಾಡಿ ಅಲ್ಲಿಂದ ದಕ್ಷಿಣಕ್ಕೆ ತಿರುಗುವಾಗ ಸೀಟು ಹಿಡಿದು ಕೂರುತ್ತಾನೆ. ದಿನಾ ನಾವು ಹೊರಡುವ ಎಷ್ಟೋ ಮುಂಚೆ ಇದೆಲ್ಲ ಮುಗಿದಿರುತ್ತದೆ. ಆ ಗುರುವಾರ ಅವನು ತಡವಾಗಿ ಎದ್ದಿದ್ದ. ನಮಗೆ ಅದು ಗೊತ್ತಿರಲಿಲ್ಲ.

ನಾವು ಸೇತುವೆಯ ಕೆಳಗಿಂದ ಏರಿ ಹೊರಗೆ ಬಂದೆವು. ಈಗ ಆ ಏರು ನಮಗೆ ಆಟ. ಮೇಲೆ ಹಳಿಯ ಮೇಲೆ ಸಿಗ್ನಲ್ ಸಿಗದೆ ಒಂದು ಲೋಕಲ್ ನಿಂತಿತ್ತು. ಬಾಗಿಲ ತುಂಬ ಗಂಡಸರು, ಎಲ್ಲರ ಕಣ್ಣೂ ನಮ್ಮ ಮೇಲೆ. ಯಾರೋ ಸಿಳ್ಳೆ ಹೊಡೆದರು. ನಾನು ಗತ್ತಿನಿಂದ ತಲೆಯೆತ್ತಿ ನೋಡಿದೆ. ಬಾಗಿಲಿನ ಕಂಬಕ್ಕೆ ನೇತುಬಿದ್ದು, ಬ್ಯಾಗನ್ನು ಎದೆಗೆ ಹಾಕಿಕೊಂಡು, ಬಾಯಿ ತೆರೆದು ನಿಂತವನು ನಮ್ಮ ಅಳಿಯ.

ಅಡಗಿಕೊಳ್ಳಬೇಕೆಂದು ಯಾರಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಕೂಗುವುದು. "ಓ ಅಳಿಯಂದಿರೇ!" ಎಂದು ಇಡೀ ಗಾಡಿಗೆ ಕೇಳುವಂತೆ ಕೂಗಿದೆ.

"ಯಾರನ್ರೀ ಕರೀತಿದೀರಾ?" ಎಂದರು ಬೀಗಿತ್ತಿ.

"ನಿಮ್ಮ ಮಗನನ್ನು! ಮೇಲೆ ನೋಡಿ, ರೈಲಿನಲ್ಲಿದ್ದಾನೆ!"

ಅವರು ನೋಡಿದರು. ನೋಡಿ, ಬ್ರೇಕು ಹಾಕುವ ಬದಲು ಒಂದು ಕೈ ಎತ್ತಿ ಮಹಾರಾಣಿಯ ಹಾಗೆ ಬೀಸಿದರು. ಸೈಕಲ್ ಹಾವಿನಂತೆ ಹೊರಳಿತು, ನಾನು ಕಿರುಚಿದೆ, ಗಾಡಿಯ ಬಾಗಿಲೆಲ್ಲ ಹೋ ಎಂದಿತು. ಅಷ್ಟರಲ್ಲಿ ಸಿಗ್ನಲ್ ಬಿದ್ದು ಲೋಕಲ್ ಹೊರಟಿತು. ಅಳಿಯನ ತೆರೆದ ಬಾಯಿ ಮೆಲ್ಲಗೆ ಬೊರಿವಲಿಯ ಕಡೆಗೆ ಸರಿದುಹೋಯಿತು.

ಸಂಜೆ ನಮ್ಮ ಮನೆಯಲ್ಲಿ ವಿಚಾರಣೆ. ಬೀಗಿತ್ತಿಯನ್ನೂ ಇರಿಸಿಕೊಂಡಿದ್ದೆ, ಒಬ್ಬಳೇ ಎದುರಿಸುವ ಧೈರ್ಯವಿರಲಿಲ್ಲ. ಸೋಫಾದ ಮೇಲೆ ನಾವಿಬ್ಬರೂ ಒತ್ತಿಕೊಂಡು ಕೂತೆವು. ಎದುರಿಗೆ ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಥೇಟ್ ಅವಳ ಸಣ್ಣಂದಿನಲ್ಲಿ ನಾನು ನಿಲ್ಲುತ್ತಿದ್ದ ಹಾಗೆ.

"ಹೆಲ್ಮೆಟ್ ಕಿಧರ್ ಹೈ? ಹೆಲ್ಮೆಟ್ ಇಲ್ಲದೆ? ಹಡ್ಡಿ ಮುರಿದ್ರೆ ಯಾರು ನೋಡ್ಕೊಳ್ಳೋದು ಮಮ್ಮಿ? ಮತ್ತೆ ಅಂಗಡಿ ಬಂದ್, ಅಂಗಡಿ ಬಂದ್ ಅಂತ ಇಷ್ಟು ದಿನ ಸುಳ್ಳು!"

"ಅಂಗಡಿ ಬಂದ್ ಇದ್ದದ್ದು ಹೌದಲ್ಲ" ಎಂದೆ, ನೆಲ ನೋಡುತ್ತಾ.

ಅಳಿಯ ಗೋಡೆಗೆ ಒರಗಿ ಏನನ್ನೋ ನುಂಗಿಕೊಳ್ಳುವವನಂತೆ ನಿಂತಿದ್ದ. ಬೀಗಿತ್ತಿ ಅವನನ್ನು ನೋಡಿ, "ನೀನ್ಯಾಕೋ ಸುಮ್ನಿದ್ದೀಯಾ?" ಎಂದು ಕೇಳಿದರು.

"ಅಮ್ಮ, ಟ್ರೈನಲ್ಲಿ ನನ್ನ ಪಕ್ಕ ಇದ್ದವರು ಕೇಳಿದ್ರು, ಯೇ ಪಾಗಲ್ ಔರತೇಂ ಕೌನ್ ಹೈ ಅಂತ."

"ನೀನೇನಂದೆ?"

ಅಳಿಯ ತಲೆ ಕೆರೆದುಕೊಂಡ. "ನಾನು... ಪತಾ ನಹೀಂ ಅಂದೆ."

ಬೀಗಿತ್ತಿ ಸೋಫಾದ ದಿಂಬು ತೆಗೆದು ಅವನ ಮೇಲೆ ಎಸೆದರು. "ಹೆತ್ತ ತಾಯಿ ಗೊತ್ತಿಲ್ವೇನೋ ನಿಂಗೆ!" ಮಗಳು ಎಷ್ಟು ತಡೆದರೂ ಆಗದೆ ಫಕ್ಕನೆ ನಕ್ಕಳು. ಅವಳು ನಕ್ಕದ್ದೇ ಸಾಕು, ಅಳಿಯ ಗೋಡೆ ಹಿಡಿದುಕೊಂಡು ನಕ್ಕ. ನಾವಿಬ್ಬರೂ ಒಬ್ಬರ ಭುಜಕ್ಕೊಬ್ಬರು ಬಿದ್ದು ನಕ್ಕೆವು. ಹೋಟೆಲಿನಿಂದ ಬಂದ ನನ್ನ ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಎಂತ ಆಯ್ತು? ಎಂತ ಆಯ್ತು?" ಎಂದು ಕೇಳುತ್ತಲೇ ಇದ್ದರು.

ಮರುದಿನ ಮಗಳು ಎರಡು ಹೆಲ್ಮೆಟ್ ತರಿಸಿದಳು. ಅಳಿಯ ಬೆಲ್ ರಿಪೇರಿ ಮಾಡಿಸುತ್ತೇನೆಂದ. ಬೀಗಿತ್ತಿ, "ಬೇಡ, ನಮ್ಮ ಬೆಲ್ ಚೆನ್ನಾಗಿದೆ" ಎಂದರು. ಉಪಯೋಗದಲ್ಲಿರುವ ಸಾಮಾನು ಎಂದು ಸೆಕ್ರೆಟರಿ ಸೈಕಲ್ಲಿಗೆ ಕಂಬದ ಪಕ್ಕ ಜಾಗವನ್ನೂ ಬಿಟ್ಟುಕೊಟ್ಟರು.

ಈ ಜೂನಿನಲ್ಲಿ ಒಂದು ದಿನ ಮೋಡ ಕವಿದಿತ್ತು. ನಾಲಾ ತುಂಬಿದರೆ ಸೇತುವೆಯ ಕೆಳಗಿನ ದಾರಿ ಮುಚ್ಚುತ್ತಾರೆ. ಅದಕ್ಕೆ ಮುಂಚೆ ಒಂದು ಸಲ ಎಂದು ಹೊರಟೆವು. ಎಸ್ಟೇಟಿನ ಹಿಂದೆ ಬರುವಷ್ಟರಲ್ಲಿ ಮೊದಲ ಮಳೆ ಒಮ್ಮೆಲೇ ಸುರಿಯಿತು. ಜನರೆಲ್ಲ ಓಡಿ ಕಾರ್ಖಾನೆಯ ತಗಡಿನ ಕೆಳಗೆ ನಿಂತರು.

"ನಿಲ್ಲೋಣ್ವಾ?" ಎಂದರು ಬೀಗಿತ್ತಿ.

"ಒದ್ದೆ ಆಗಿ ಆಯ್ತಲ್ಲ. ಇನ್ನು ನಿಂತು ಎಂತ ಮಾಡುದು?"

ಅಲ್ಲಿಂದಲೇ ತಿರುಗಿಸಿ ಮನೆಯ ಕಡೆಗೆ ತುಳಿದೆವು. ದಾರಿ ಪೂರ್ತಿ ನಮ್ಮದಾಗಿತ್ತು. ಚಕ್ರದ ಎರಡೂ ಕಡೆ ನೀರು ರೆಕ್ಕೆಯ ಹಾಗೆ ಏಳುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರು, "ರೀ, ಕನ್ನಡಕದ ಮೇಲೆಲ್ಲಾ ನೀರು, ನನಗೇನೂ ಕಾಣ್ತಿಲ್ಲ!" ಎಂದರು. ನಾನು ಸೀಟಿನಿಂದ ಎಡಕ್ಕೆ ಬಾಗಿ, ಅವರ ಬೆನ್ನಿನ ಆಚೆಗೆ ಕತ್ತು ಚಾಚಿ ನೋಡುತ್ತಾ ಕೂಗಿದೆ. "ನೇರ! ನೇರ! ಈಗ ಬಲಕ್ಕೆ! ಗುಂಡಿ ಉಂಟು, ಗುಂಡಿ ಉಂಟು, ಎಡ, ಎಡ!" ಅವರು ಕಣ್ಣು ಕಾಣದೆ, ನಾನು ಹೇಳಿದ ಕಡೆಗೆಲ್ಲ ಹ್ಯಾಂಡಲ್ ತಿರುಗಿಸುತ್ತಾ, ಜೋರಾಗಿ ನಗುತ್ತಾ ತುಳಿಯುತ್ತಿದ್ದರು. ಬಾಯಿ ತೆರೆದರೆ ಮಳೆ ಬಾಯಿಗೇ ಬೀಳುತ್ತಿತ್ತು.

ಮನೆ ಮುಟ್ಟಿದಾಗ ಇಬ್ಬರ ಬಟ್ಟೆಯಿಂದಲೂ ನೀರು ಇಳಿಯುತ್ತಿತ್ತು. ನಾನು ಅವರಿಗೆ ನನ್ನ ಒಂದು ನೈಟಿ ಕೊಟ್ಟೆ. ಗಿಳಿಹಸಿರು ಬಣ್ಣದ್ದು, ಅವರಿಗೆ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನಿಂತಿತು. ಕೂದಲು ಬಿಚ್ಚಿ ಟವೆಲು ಸುತ್ತಿಕೊಂಡು ಅವರು ಅಡುಗೆಮನೆಯ ಕಟ್ಟೆಯ ಮೇಲೆ ಏರಿ ಕೂತರು. ನಾನು ಹಾಲು ಬಿಸಿಗಿಟ್ಟೆ. ಅವರ ಮನೆಯಿಂದ ಫೋನು ಬಂತು, ಮಳೆಯಲ್ಲಿ ಎಲ್ಲಿದ್ದೀಯೆಂದು.

"ಕಾಂದಿವಲೀಲಿ, ಬೀಗಿತ್ತಿ ಮನೇಲಿ" ಎಂದರು ಅವರು. "ಊಟ ಮುಗಿಸ್ಕೊಂಡು ಬರ್ತೀನಿ. ನೀವು ಫ್ರಿಜ್ಜಲ್ಲಿರೋದನ್ನ ಬಿಸಿ ಮಾಡ್ಕೊಳ್ಳಿ." ಫೋನು ಇಟ್ಟು ನನ್ನ ಕಡೆಗೆ ತಿರುಗಿ, "ಊಟಕ್ಕೇನ್ರೀ ಮಾಡ್ತೀರಾ?" ಎಂದು ಕೇಳಿದರು.